ಶಾಲೆಯ ಹೊರಗಿನ ಮಕ್ಕಳ ಲೆಕ್ಕ: ಲಿಂಗಸುಗೂರಿನ ಅಕ್ಕನಿಗೆ

ಮಾಂಟ್ರಿಯಲ್, ನವೆಂಬರ್ 16

ಅಕ್ಕಾ, ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಶಾಲೆಯ ಹೊರಗಿರುವ ಮಕ್ಕಳ ದೇಶವಾರು ಪಟ್ಟಿಯಲ್ಲಿ ಭಾರತದ ಎದುರಿಗಿರುವ ಸಂಖ್ಯೆಯನ್ನು ಯಾರು ಎಣಿಸಿದರು, ನಾವು ಮನೆಮನೆಗೆ ಹೋಗಿ ಬರೆದುಕೊಂಡು ಬಂದದ್ದು ಅದಕ್ಕೆ ಯಾಕೆ ತಾಳೆಯಾಗುವುದಿಲ್ಲ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸಂಖ್ಯೆಯನ್ನು ಯಾರೂ ಎಣಿಸಿಲ್ಲ. 2022ರವರೆಗೆ ಅದು ಬರೀ ಕಳೆದು ಉಳಿದ ಅಂಕಿಯಾಗಿತ್ತು. ಯುನೆಸ್ಕೊದ ಅಂಕಿಅಂಶ ಸಂಸ್ಥೆ ಇರುವುದು ಇದೇ ಊರಿನಲ್ಲಿ. ಅದು ಒಂದೊಂದು ದೇಶದಿಂದಲೂ ವಯಸ್ಸುವಾರು ದಾಖಲಾತಿ ತರಿಸಿಕೊಳ್ಳುತ್ತದೆ. ಆ ವಯಸ್ಸಿನ ಮಕ್ಕಳು ಒಟ್ಟು ಎಷ್ಟು ಎನ್ನುವುದಕ್ಕೆ ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ಅಂದಾಜು ಹಿಡಿಯುತ್ತದೆ. ಈ ಒಟ್ಟಿನಲ್ಲಿ ದಾಖಲಾದವರನ್ನು ಕಳೆದರೆ ಉಳಿದವರು ಶಾಲೆಯ ಹೊರಗೆ. ಒಂದು ದೇಶದಲ್ಲಿ 6ರಿಂದ 10 ವರ್ಷದವರು 10 ಲಕ್ಷ, ದಾಖಲಾದವರು 9.7 ಲಕ್ಷ ಅಂದುಕೋ. ಹೊರಗಿನವರು 30 ಸಾವಿರ. ಜನಸಂಖ್ಯೆಯ ಅಂದಾಜು ಶೇ. 2ರಷ್ಟು ಹೆಚ್ಚಾಗಿ 10.2 ಲಕ್ಷವಾದರೆ, ಹೊರಗಿನವರು 50 ಸಾವಿರ! ಒಂದು ಮಗುವೂ ಶಾಲೆ ಬಿಡದೆ ಸಂಖ್ಯೆ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಯಿತು. ನಮ್ಮ ದೇಶದ ಕೊನೆಯ ಜನಗಣತಿ 2011ರದ್ದು, ಮುಂದಿನದು 2027ಕ್ಕೆ. ನಡುವಿನ ವರ್ಷಗಳದ್ದೆಲ್ಲ ಅಂದಾಜೇ.

ದಾಖಲಾತಿಯ ಕಡೆಯೂ ತಪ್ಪುಗಳಿವೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಮಗುವಿನ ಹೆಸರು ಸರ್ಕಾರಿ ಶಾಲೆಯಲ್ಲೂ ಖಾಸಗಿಯಲ್ಲೂ ಇರುತ್ತದೆ. ಜನನ ಪ್ರಮಾಣಪತ್ರ ಇಲ್ಲದ ಮಗುವಿಗೆ ತರಗತಿಗೆ ಹೊಂದುವ ವಯಸ್ಸು ಬರೆದುಬಿಡುತ್ತಾರೆ. ಈ ಎರಡರಿಂದಲೂ ಹೊರಗಿನವರು ಇರುವುದಕ್ಕಿಂತ ಕಡಿಮೆ ಕಾಣುತ್ತಾರೆ. ಕೆಲವು ದೇಶಗಳಲ್ಲಿ ದಾಖಲಾದವರು ಜನಸಂಖ್ಯೆಯನ್ನೇ ಮೀರಿ ಉತ್ತರ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು. ಅದಕ್ಕೇ 2022ರಿಂದ ಯುನೆಸ್ಕೊ ಬರೀ ಕಳೆಯುವುದನ್ನು ಬಿಟ್ಟು, ದಾಖಲಾತಿ, ಮನೆ ಸಮೀಕ್ಷೆ, ಜನಗಣತಿ ಮೂರನ್ನೂ ಸೇರಿಸಿ ಅಂದಾಜಿಸುವ ಮಾದರಿ ಹಿಡಿದಿದೆ. ಹಳೆಯ ಲೆಕ್ಕದಲ್ಲಿ 2018ಕ್ಕೆ ಪ್ರಾಥಮಿಕ ವಯಸ್ಸಿನವರು 5.9 ಕೋಟಿ ಹೊರಗಿದ್ದರು, ಅದರಲ್ಲಿ ಸುಮಾರು 3.2 ಕೋಟಿ ಸಹಾರಾದ ದಕ್ಷಿಣದ ಆಫ್ರಿಕಾದವರು. ಈ ಹಳೆಯ ಅಂಕಿಯ ಪಕ್ಕ ಹೊಸ ಮಾದರಿಯ ಅಂಕಿ ಇಟ್ಟು ಏರಿತು, ಇಳಿಯಿತು ಅನ್ನುವವರ ಮಾತು ನಂಬಬೇಡ.

ನಿಮ್ಮ ಸಮೀಕ್ಷೆ ತಾಳೆಯಾಗದ ದೊಡ್ಡ ಕಾರಣ ಬೇರೆ. ನಮ್ಮ ರಾಜ್ಯದಲ್ಲಿ ಸತತ ಏಳು ದಿನ ಹೇಳದೆ ಕೇಳದೆ ಬಾರದ ಮಗುವನ್ನು ಹೊರಗುಳಿದದ್ದು ಎಂದು ಹಿಡಿಯುತ್ತೀರಿ. ಕೇಂದ್ರದ ವ್ಯಾಖ್ಯೆಯಲ್ಲಿ ಅದು 45 ದಿನ. ಅಂತರರಾಷ್ಟ್ರೀಯ ಮನೆ ಸಮೀಕ್ಷೆಗಳಲ್ಲಿ ಕೇಳುವುದು ‘ಈ ಶಾಲಾ ವರ್ಷದಲ್ಲಿ ಯಾವಾಗಲಾದರೂ ಹೋಗಿತ್ತೇ’ ಅಂತ. ಜೂನ್‌ನಲ್ಲಿ ನಾಲ್ಕು ವಾರ ಬಂದು, ದೀಪಾವಳಿ ಆದಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋದ ಮಗು ನಿನ್ನ ನಮೂನೆಯಲ್ಲಿ ಹೊರಗೆ, ಅವರ ಪಟ್ಟಿಯಲ್ಲಿ ಒಳಗೆ. ಎರಡೂ ಸುಳ್ಳಲ್ಲ, ಕೇಳಿದ ಪ್ರಶ್ನೆ ಬೇರೆ. ಕೆಲಸಕ್ಕೆ ಬರುವ ಪ್ರಶ್ನೆ ನಿಮ್ಮದೇ ಅನ್ನುವುದು ನನ್ನ ಅಭಿಪ್ರಾಯ. ಮಗುವನ್ನು ಹುಡುಕಿಕೊಂಡು ಹೋಗಬೇಕಾದವರಿಗೆ ವರ್ಷಕ್ಕೊಮ್ಮೆಯ ಉತ್ತರ ಏನು ಮಾಡಲು?

ವಯಸ್ಸಿನ ವಿಷಯದಲ್ಲಿ ಎಚ್ಚರ. ಸಮೀಕ್ಷೆ ಜನವರಿಯಲ್ಲಿ ನಡೆದರೆ, ಜೂನ್‌ನಲ್ಲಿ 5 ವರ್ಷ 10 ತಿಂಗಳಿದ್ದ ಮಗುವಿಗೆ 6 ವರ್ಷ 5 ತಿಂಗಳಾಗಿರುತ್ತದೆ. ಒಂದನೇ ತರಗತಿಯಲ್ಲಿಲ್ಲ, ಆರು ತುಂಬಿದೆ, ಹಾಗಾಗಿ ಹೊರಗಿನದು ಎಂದು ಬೀಳುತ್ತದೆ. ಜೂನ್ 1ಕ್ಕೆ ಅದು ಸೇರಬೇಕಾದ ಮಗುವೇ ಅಲ್ಲ. ಶಾಲೆ ಶುರುವಾಗಿ ಆರು ತಿಂಗಳಾದ ಮೇಲೆ ನಡೆದ ಸಮೀಕ್ಷೆಯಲ್ಲಿ ಎಲ್ಲರ ವಯಸ್ಸನ್ನೂ ಒಂದು ವರ್ಷ ಹಿಂದಿಟ್ಟು ನೋಡುವುದು ಇಲ್ಲಿನ ಪದ್ಧತಿ. ನೀನು ಹಾಗೆ ಮಾಡಬೇಕಿಲ್ಲ, ಜನ್ಮದಿನಾಂಕ ಬರೆದುಕೊಂಡರೆ ಸಾಕು. ದಿನಾಂಕ ಗೊತ್ತಿಲ್ಲದಿದ್ದರೆ ಹೆರಿಗೆ, ಲಸಿಕೆ ಬರೆದಿಡುವ ತಾಯಿ ಕಾರ್ಡ್ ಕೇಳು, ಅದೂ ಇಲ್ಲದಿದ್ದರೆ ಯಾವ ಹಬ್ಬದ ಆಸುಪಾಸು, ಯಾರ ಮಗುವಿಗಿಂತ ದೊಡ್ಡದು ಅಂತ ಕೇಳು. ಆರು ತುಂಬಿಯೂ ಅಂಗನವಾಡಿಗೆ ಹೋಗುವವರನ್ನು ಬೇರೆಯಾಗಿಯೇ ಗುರುತು ಮಾಡು. ಕೆಲವು ಲೆಕ್ಕಗಳಲ್ಲಿ ಅವರು ಒಳಗೆ, ಕೆಲವದರಲ್ಲಿ ಹೊರಗೆ.

ಇನ್ನೊಂದು, ಒಟ್ಟು ಸಂಖ್ಯೆಗಿಂತ ಮುಖ್ಯವಾದದ್ದು. ಹೊರಗಿನವರಲ್ಲಿ ಮೂರು ಬಗೆ: ತಡವಾಗಿ ಸೇರುವವರು, ಸೇರಿ ಬಿಟ್ಟವರು, ಎಂದೂ ಸೇರದವರು. ಆಫ್ರಿಕಾದ ಎಷ್ಟೋ ಕಡೆ ಏಳು ವರ್ಷದವರಲ್ಲಿ ಹೊರಗಿನವರು ತುಂಬ, ಹತ್ತಕ್ಕೆ ಬರುವಷ್ಟರಲ್ಲಿ ಕಡಿಮೆ. ಅವರು ತಡವಾಗಿ ಬರುವವರು. ಶಾಲೆ ದೂರ, ದಾರಿ ಕೆಟ್ಟದ್ದು, ಮಗು ಸ್ವಲ್ಪ ಬೆಳೆಯಲಿ ಅಂತ ಕಾಯುತ್ತಾರೆ. ಹಣ ಅಡ್ಡಿಯಾಗಿದ್ದರೆ ಶುಲ್ಕ ತೆಗೆದ ಕೂಡಲೇ ಬರುತ್ತಾರೆ: ಕೀನ್ಯಾ 2003ರ ಜನವರಿಯಲ್ಲಿ ಪ್ರಾಥಮಿಕ ಶುಲ್ಕ ರದ್ದು ಮಾಡಿದಾಗ ದಾಖಲಾತಿ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಹೋಯಿತು. ಆದರೆ ಮೇಷ್ಟ್ರುಗಳು ಅಷ್ಟೇ ಇದ್ದರು, ತರಗತಿ ತುಂಬಿ ತುಳುಕಿತು. ಸೆನೆಗಲ್‌ನಲ್ಲಿ, ಉತ್ತರ ನೈಜೀರಿಯಾದಲ್ಲಿ ಕುರಾನ್ ಪಾಠಶಾಲೆಗೆ ಮಾತ್ರ ಹೋಗುವ ಮಕ್ಕಳು ಎಷ್ಟೋ ಲೆಕ್ಕಗಳಲ್ಲಿ ಹೊರಗಿನವರೇ. ಅವರಿಗೆ ಶುಲ್ಕ ರದ್ದು ಮಾಡಿ ಏನೂ ಆಗದು, ಅಲ್ಲಿಯೇ ಓದು ಲೆಕ್ಕ ಕಲಿಸಬೇಕು. ಗುಳೆ ಹೋಗುವ ನಮ್ಮ ಮಕ್ಕಳಿಗೆ ಊರಿನಲ್ಲಿ ಋತುಮಾನ ಹಾಸ್ಟೆಲ್, ಹೋದ ಕಡೆ ಟೆಂಟ್ ಶಾಲೆ, ಎರಡರಲ್ಲಿ ಒಂದು.

ಆದ್ದರಿಂದ ನಮೂನೆಯಲ್ಲಿ ‘ಹೊರಗುಳಿದಿದೆ’ ಎಂದಷ್ಟೇ ಗುರುತು ಹಾಕಿ ಬರಬೇಡ. ಎಂದಾದರೂ ಸೇರಿತ್ತೇ, ಸೇರಿದ್ದರೆ ಕೊನೆಗೆ ಯಾವ ತರಗತಿಗೆ ಯಾವ ತಿಂಗಳು ಹೋಯಿತು, ಕಳೆದ ವಾರ ಎಷ್ಟು ದಿನ ಹೋಯಿತು, ಇವನ್ನು ಅಂಚಿನಲ್ಲಾದರೂ ಬರೆ. ಬೀಗ ಹಾಕಿದ ಮನೆ ಕಂಡರೆ ‘ಮಕ್ಕಳಿಲ್ಲ’ ಅಂತ ಬರೆಯುವವರಿದ್ದಾರೆ. ಪಕ್ಕದ ಮನೆಯಲ್ಲಿ ಕೇಳಿ, ಯಾವ ಊರಿಗೆ ಹೋದರು, ಯಾವ ಮೇಸ್ತ್ರಿ ಕರೆದುಕೊಂಡು ಹೋದ ಅಂತ ಬರೆದುಕೋ. ಅಲ್ಲಿನ ಸಿ.ಆರ್.ಪಿ.ಗೆ (ಆ ಭಾಗದ ಶಾಲೆಗಳ ಸಂಪನ್ಮೂಲ ವ್ಯಕ್ತಿಗೆ) ತಿಳಿಸಲು ಅಷ್ಟಾದರೂ ಬೇಕು. ಹಾಜರಾತಿ ಸರಿಹೋಗಲಿ ಅಂತ ಅವರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಲು ಯಾರಾದರೂ ಹೇಳಿದರೆ ಒಪ್ಪಬೇಡ. ಹೆಸರು ಹೋದರೆ ಮರಳಿ ಬಂದ ಮಗುವಿಗೆ ಮತ್ತೆ ಮೊದಲಿನಿಂದ ದಾಖಲಾತಿಯ ಓಡಾಟ.

ಖಾಲಿ ನಮೂನೆಯ ಫೋಟೊ ಕಳಿಸು, ‘ಕಾರಣ’ ಎನ್ನುವ ಕಾಲಮ್ಮಿನಲ್ಲಿ ಏನೇನು ಕೊಟ್ಟಿದ್ದಾರೆ ನೋಡಬೇಕು. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ನಿನ್ನ ತಮ್ಮ