ಲಾಬಿಯ ಮದನಿಕೆಗೆ ನೆರಳೂ ಬೇಕು, ಕೆತ್ತಿದವರ ಹೆಸರೂ ಬೇಕು

ಮಾನ್ಯರೇ,

ಕಳೆದ ತಿಂಗಳು ಬೇಲೂರಿಗೆ ಹೊರಟವರು ದಾರಿಯಲ್ಲಿ ಹೊಸದೊಂದು ಹೋಟೆಲಿನಲ್ಲಿ ಉಳಿದುಕೊಂಡೆವು. ಲಾಬಿಗೆ ಹೊಯ್ಸಳರ ಶಿಲ್ಪವೇ ಸ್ಫೂರ್ತಿ ಅಂತ ಬಾಗಿಲಲ್ಲೇ ಬರೆದಿದ್ದರು. ಒಳಗೆ ರಿಸೆಪ್ಷನ್ ಪಕ್ಕದಲ್ಲಿ ಫೈಬರಿನ ದರ್ಪಣ ಸುಂದರಿ, ಬೇಲೂರಿನ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಮದನಿಕೆಯ (ಶಿಲಾಬಾಲಿಕೆಯ) ನಕಲು. ಮೈತುಂಬ ಚಿನ್ನದ ಬಣ್ಣ, ಎದುರಿನಿಂದ ಕಣ್ಣು ಕುಕ್ಕುವ ಲೈಟು. ಮಾರನೇ ದಿನ ಬೇಲೂರಿನಲ್ಲಿ ಅಸಲಿಯನ್ನು ನೋಡಿದ ಮೇಲೆ ತುಂಬ ಬೇಜಾರಾಯಿತು. ಖರ್ಚಿಗೆ ಹಿಂದೆಮುಂದೆ ನೋಡಿರದ ಹೋಟೆಲಿನವರು ನೋಡಬೇಕಾದ್ದನ್ನೇ ನೋಡಿರಲಿಲ್ಲ.

ಬೇಲೂರಿನ ಮದನಿಕೆಯರು ನೆಲದ ಮೇಲೆ ನಿಂತವರಲ್ಲ. ಸೂರಿನ ಕೆಳಗೆ ಓರೆಯಾಗಿ ಮುಂದಕ್ಕೆ ಬಾಗಿದ್ದಾರೆ, ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆ ಸರಿಯಾಗಿ. ಅದೇ ರೂಪವನ್ನು ಕಣ್ಣಿನ ಮಟ್ಟಕ್ಕೆ ತಂದು ನೆಟ್ಟಗೆ ನಿಲ್ಲಿಸಿದರೆ ಆ ಬಾಗಿನ ಚೆಲುವೇ ಹೋಗಿಬಿಡುತ್ತದೆ. ಬೆಳಕಿನ ಕಥೆಯೂ ಅಷ್ಟೇ. ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಬಳೆ, ಬಳ್ಳಿ, ಬೆರಳು ಎಲ್ಲದರ ಹಿಂದೆಯೂ ನೆರಳು ಕೂರುತ್ತದೆ, ಆ ನೆರಳು ಗಂಟೆಗೊಮ್ಮೆ ಬದಲಾಗುತ್ತ ಹೋಗುತ್ತದೆ. ಎದುರಿನಿಂದ ಲೈಟು ಬಿಟ್ಟರೆ ಎಲ್ಲ ಚಪ್ಪಟೆ. ಪಕ್ಕದಿಂದ ಒಂದೇ ದೀಪ ಸಾಕು.

ಹಾಗೆ ನೋಡಿದರೆ ಲಾಬಿಗೆ ಮೂರ್ತಿಯೇ ಬೇಕೆಂದಿಲ್ಲ. (ಸೂಟ್‌ಕೇಸ್ ಇಡುವ ಜಾಗದಲ್ಲಿ ದೇವರ ಮೂರ್ತಿಯಂತೂ ಬೇಡವೇ ಬೇಡ.) ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ, ಇಡೀ ಗುಡಿಯ ಭಾರ ಹೊತ್ತ ಹಾಗೆ. ಅಂಥದ್ದೊಂದು ಪಟ್ಟಿಯನ್ನು ಕೌಂಟರಿನ ಬುಡಕ್ಕೆ ಬಳಪದ ಕಲ್ಲಿನಲ್ಲೇ ಕೆತ್ತಿಸಬಹುದಲ್ವಾ? ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವ ಕಲ್ಲು ಅದು. ಕಾಯುತ್ತ ಕೂತ ಮಕ್ಕಳು ಅದರ ಮೇಲೆ ಕೈಯಾಡಿಸಲಿ. ಫೈಬರಿಗೆ ಆ ನುಣುಪು, ಆ ತಣ್ಣನೆ ಬರುವುದಿಲ್ಲ.

ಶ್ರೀಲಂಕಾದ ಗಾಲೆಯಲ್ಲಿ ಲೈಟ್‌ಹೌಸ್ ಹೋಟೆಲ್ ಕಟ್ಟುವಾಗ ವಾಸ್ತುಶಿಲ್ಪಿ ಜೆಫ್ರಿ ಬಾವಾ ಸುರುಳಿ ಮೆಟ್ಟಿಲನ್ನು ಕಲಾವಿದ ಲಕಿ ಸೇನಾನಾಯಕೆ ಕೈಗೆ ಬಿಟ್ಟರು. ಸಿಂಹಳೀಯರು ಪೋರ್ಚುಗೀಸರೊಡನೆ ಕಾದಾಡಿದ ಕಥೆ ಲೋಹದಲ್ಲಿ ಮೆಟ್ಟಿಲಿನುದ್ದಕ್ಕೂ ಏರುತ್ತದೆ. ಇವತ್ತಿಗೂ ಆ ಮೆಟ್ಟಿಲಿನ ಮಾತು ಬಂದಾಗ ಕಲಾವಿದನ ಹೆಸರೂ ಬರುತ್ತದೆ.

ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ. ಈ ಸುಂದರಿಯನ್ನು ಮಾಡಿದವರು ಯಾರು ಅಂತ ರಿಸೆಪ್ಷನ್‌ನಲ್ಲಿ ಕೇಳಿದೆ. ಇಂಟೀರಿಯರ್ ಕಂಪನಿಯ ಹೆಸರು ಹೇಳಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೊಯ್ಸಳರ ಕಾಲದ ಈ ಶಿಲ್ಪಿಗಳ ಹೆಸರುಗಳು ಕಲ್ಲಿನ ಮೇಲೆ ಇವತ್ತಿಗೂ ಇವೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಹೋಟೆಲುಗಳು ಇನ್ನೂ ಬರುತ್ತವೆ. ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಇವತ್ತಿಗೂ ಉಳಿಯ ಸದ್ದು ನಿಂತಿಲ್ಲ, ಪ್ಲಾನ್ ಮುಗಿಯುವ ಮೊದಲೇ ಅಲ್ಲಿಗೆ ಹೋಗಿ ಶಿಲ್ಪಿಗಳ ಜೊತೆ ಕೂತು ಮಾತಾಡಿ. ಕೆಲಸ ಮುಗಿದ ಮೇಲೆ ಕಲ್ಲಿನ ಮೂಲೆಯಲ್ಲಿ ಅವರ ಹೆಸರನ್ನು ಅವರ ಕೈಯಿಂದಲೇ ಕೆತ್ತಿಸಿ.

ಇಂತಿ,
ನಿಮ್ಮ ಓದುಗ