ಅಡ್ವಾನ್ಸ್ ಕೊಡುವ ಮುಂಚೆ ಚಾಸಿಸ್ ನಂಬರ್ ಓದಿ

ಸಂಪಾದಕರಿಗೆ,

ಮಾನ್ಯರೇ, ಗಲ್ಫ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳಲು ಹೊರಟಿರುವ ನಮ್ಮ ಕರಾವಳಿಯ ಹುಡುಗರಿಗಾಗಿ ಈ ಪತ್ರ. ನಿಮ್ಮ ಪತ್ರಿಕೆಯನ್ನು ಇಲ್ಲಿ ಮೊಬೈಲಿನಲ್ಲಿ ಓದುವವರು ತುಂಬಾ ಜನ ಇದ್ದಾರೆ, ದಯವಿಟ್ಟು ಪ್ರಕಟಿಸಿ.

ಶಾರ್ಜಾ, ದುಬೈ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಗಾಡಿ ಸಿಗುತ್ತವೆ. ಒಂದು ಗಲ್ಫ್‌ಗೆಂದೇ ತಯಾರಾದದ್ದು, ಅದಕ್ಕೆ ಜಿಸಿಸಿ ಸ್ಪೆಕ್ ಅನ್ನುತ್ತಾರೆ. ಇನ್ನೊಂದು ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಅಲ್ಲಿ ಗುದ್ದಿಯೋ ನೆರೆಯಲ್ಲಿ ಮುಳುಗಿಯೋ ವಿಮೆ ಕಂಪನಿ ಕೈಬಿಟ್ಟ ಗಾಡಿಗಳು ಹರಾಜಿನಲ್ಲಿ ಅಗ್ಗಕ್ಕೆ ಹೋಗುತ್ತವೆ, ಅದರಲ್ಲಿ ಎಷ್ಟೋ ಇಲ್ಲಿಗೆ ಬಂದು ರಿಪೇರಿಯಾಗಿ ಹೊಸದರಂತೆ ಹೊಳೆಯುತ್ತಾ ನಿಂತಿರುತ್ತವೆ. ಅಮೆರಿಕದ ಗಾಡಿ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ದುಡ್ಡು ಕೊಡುವವನಿಗೆ ತಾನು ಕೊಳ್ಳುತ್ತಿರುವುದು ಏನು ಅಂತ ಗೊತ್ತಿರಬೇಕು ಅಲ್ವಾ?

ಗೊತ್ತಾಗುವ ದಾರಿ ಗಾಜಿನ ಹಿಂದೆಯೇ ಇದೆ. ಡ್ರೈವರ್ ಕಡೆ, ಮುಂದಿನ ಗಾಜಿನ ಕೆಳ ಮೂಲೆಯಲ್ಲಿ 17 ಅಕ್ಷರ ಮತ್ತು ಅಂಕಿಗಳ ಪಟ್ಟಿ ಇರುತ್ತದೆ, ಅದೇ ಚಾಸಿಸ್ ನಂಬರ್. ಐ, ಒ, ಕ್ಯೂ ಅದರಲ್ಲಿ ಇರುವುದಿಲ್ಲ, 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ. ಕುಂದಾಪುರ ಕಡೆಯ ಹುಡುಗನೊಬ್ಬ ಮರ್ಸಿಡಿಸ್ ಜಿಎಲ್‌ಇ ನೋಡಲು ನನ್ನನ್ನು ಕರೆದುಕೊಂಡು ಹೋಗಿದ್ದ. ಮಾರುವವನು ಜಿಸಿಸಿ ಸ್ಪೆಕ್, ಒಬ್ಬರೇ ಓನರ್ ಅಂತ ಹೇಳುತ್ತಲೇ ಇದ್ದ. ಗಾಜಿನ ಕೆಳಗೆ ನೋಡಿದರೆ ನಂಬರ್ ಶುರುವಾಗುವುದೇ 4ಜೆಜಿ ಅಂತ. ಜಿಎಲ್‌ಇ ತಯಾರಾಗುವುದು ಅಮೆರಿಕದ ಅಲಬಾಮಾದಲ್ಲಿ, ನಿಜ, ಆದರೆ ಅದೇ ಕಾರ್ಖಾನೆಯಿಂದ ಬೇರೆ ದೇಶಗಳಿಗೆ ಹೋಗುವ ಗಾಡಿಗೆ ಜರ್ಮನಿಯ ಡಬ್ಲ್ಯು1ಎನ್, ಹಳೆಯದಾದರೆ ಡಬ್ಲ್ಯುಡಿಸಿ ಅಂತ ಇರುತ್ತದೆ. 4ಜೆಜಿ ಅಂದರೆ ಅದು ಅಮೆರಿಕದ ಗಿರಾಕಿಗೆ ಮಾಡಿದ್ದು. ಆ ನಂಬರನ್ನು ಹಾಗೇ ಗೂಗಲ್‌ನಲ್ಲಿ ಹಾಕಿದೆವು. ಹರಾಜಿನ ಫೋಟೋಗಳು ಬಂದವು. ಬಾನೆಟ್ ಮಡಚಿಕೊಂಡಿತ್ತು, ಏರ್‌ಬ್ಯಾಗ್‌ಗಳು ಹೊರಗೆ ಜೋತಾಡುತ್ತಿದ್ದವು. ಹುಡುಗ ಒಂದು ಮಾತೂ ಆಡದೆ ಕೀ ವಾಪಸ್ ಕೊಟ್ಟ.

ಎಲ್ಲಾ ಗಾಡಿಯಲ್ಲೂ ಇಷ್ಟು ಸುಲಭವಿಲ್ಲ. ಲ್ಯಾಂಡ್ ಕ್ರೂಸರ್ ಗಲ್ಫ್‌ನದ್ದಾದರೂ ಅಮೆರಿಕದ್ದಾದರೂ ಜೆಟಿಎಂ ಅಂತಲೇ ಶುರುವಾಗಬಹುದು, ಯಾಕೆಂದರೆ ಎರಡೂ ಜಪಾನಿನಲ್ಲಿ ತಯಾರಾದವು. ಆಗ ಡ್ರೈವರ್ ಬಾಗಿಲು ತೆಗೆದು, ಬಾಗಿಲು ಮುಚ್ಚಿಕೊಳ್ಳುವ ಕಂಬದ ಮೇಲಿನ ಸ್ಟಿಕರ್ ನೋಡಿ. ಅಮೆರಿಕದ ಗಾಡಿಯಾದರೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ತಯಾರಾದ ತಿಂಗಳೂ ಇರುತ್ತದೆ. ಸ್ಟಿಕರ್ ಕಿತ್ತಿದ್ದರೆ ಯಾಕೆ ಅಂತ ಕೇಳಿ. ಗಾಜಿನ ಹಿಂದಿನ ನಂಬರ್, ಸ್ಟಿಕರ್, ಚಾಸಿಸ್ ಮೇಲೆ ಕೊರೆದದ್ದು, ಮುಲ್ಕಿಯಾದಲ್ಲಿ (ಗಾಡಿಯ ನೋಂದಣಿ ಕಾರ್ಡ್) ಇರುವುದು ಎಲ್ಲ ಒಂದೇ ಆಗಿರಬೇಕು.

ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದ ನಂಬರ್ ನಂಬಬೇಡಿ, ಫೋಟೋ ಕೇಳಿ. ಒಂದಂಕಿ ಬದಲಿಸಿ ಕಳಿಸಿದರೆ ಗಾಡಿಯ ಹಳೆಯ ಕಥೆ ಸಿಗುವುದೇ ಇಲ್ಲ. ಅಮೆರಿಕದ ಗಾಡಿಯಲ್ಲಿ ಇದನ್ನು ಹಿಡಿಯುವುದು ಒಂಬತ್ತನೇ ಸ್ಥಾನ. ಉಳಿದ 16ಕ್ಕೂ ಒಂದೊಂದು ಬೆಲೆ ಕಟ್ಟಿ, ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷ ಅಲ್ಲಿರುತ್ತದೆ. ಶೇಷ 10 ಬಂದರೆ ಎಕ್ಸ್. ನಾವು ಲೆಕ್ಕ ಹಾಕಬೇಕಾಗಿಲ್ಲ. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ನಂಬರ್ ಹಾಕಿದರೆ ಒಂಬತ್ತನೆಯದು ತಾಳೆಯಾಗುತ್ತಿಲ್ಲ ಅಂತ ಅದೇ ಹೇಳುತ್ತದೆ, ಒಂದು ಪೈಸೆ ಖರ್ಚಿಲ್ಲ. ಯುರೋಪಿನ ಗಾಡಿಗಳಿಗೆ ಈ ಲೆಕ್ಕ ಕಡ್ಡಾಯವಲ್ಲ, ಅಲ್ಲಿ ಸುಮ್ನೆ ಝಡ್ ಇರುವುದೂ ಉಂಟು.

ಗಲ್ಫ್ ಮತ್ತು ಅಮೆರಿಕದ ಗಾಡಿಗಳಲ್ಲಿ ಹತ್ತನೆಯದು ಮಾಡೆಲ್ ವರ್ಷ. ಜೆ ಅಂದರೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023. 2018ರ ಗಾಡಿಯನ್ನು 2019 ಅಂತ ಹೇಳಿ ಬೆಲೆ ಏರಿಸುವವರು ಇದ್ದಾರೆ, ಜೆ ಕಂಡರೆ ಅಲ್ಲೇ ಹೇಳಿಬಿಡಿ.

ಇನ್ನೊಂದು ಮಾತು. 17 ಅಕ್ಷರ ಓದಿದ ಮಾತ್ರಕ್ಕೆ ಎಲ್ಲ ಗೊತ್ತಾಗುವುದಿಲ್ಲ. 2024ರ ಏಪ್ರಿಲ್ 16ರ ಮಳೆಗೆ ಇಲ್ಲೇ ಎಷ್ಟೋ ಗಾಡಿ ಮುಳುಗಿದವು, ಅದು ಅಮೆರಿಕದ ದಾಖಲೆಯಲ್ಲಿ ಎಲ್ಲಿಂದ ಬರಬೇಕು? ಯುಎಇ ಒಳಗಿನ ಅಪಘಾತವನ್ನು ಇಲ್ಲಿನ ಸರ್ಕಾರಿ ಜಾಲತಾಣದಲ್ಲಿ ಚಾಸಿಸ್ ನಂಬರ್ ಹಾಕಿ ನೋಡಿ. ನೀರು ಹೊಕ್ಕಿದೆಯೇ ಅಂತ ತಿಳಿಯಲು ಮೆಕ್ಯಾನಿಕ್ ಕೈಯಲ್ಲಿ ಕಾರ್ಪೆಟ್ ಎತ್ತಿಸಿಯೇ ನೋಡಬೇಕು.

ಊರಿಗೆ ತರಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಭಾರತಕ್ಕೆ ಹಳೆ ಕಾರು ತರಬೇಕಾದರೆ ಸ್ಟೇರಿಂಗ್ ಬಲಗಡೆ ಇರಬೇಕು, ತಯಾರಾಗಿ 3 ವರ್ಷ ದಾಟಿರಬಾರದು. ಇಲ್ಲಿನ ಗಾಡಿಗಳ ಸ್ಟೇರಿಂಗ್ ಎಡಗಡೆ. ಆ ಆಸೆ ಬಿಟ್ಟುಬಿಡಿ.

ಇಲ್ಲಿನ ಕನ್ನಡ ಸಂಘಗಳಿಗೆ ನನ್ನ ಮನವಿ ಇಷ್ಟೇ. ಗ್ಯಾರೇಜುಗಳಲ್ಲಿ ದುಡಿಯುವ ನಮ್ಮವರು ಬೇಕಾದಷ್ಟು ಇದ್ದಾರೆ. ರಜೆಯ ದಿನ ಜನ ಸೇರಿದಾಗ ಅವರಲ್ಲಿ ಒಬ್ಬರನ್ನು ಕರೆಸಿ, ಒಂದು ಗಾಡಿ ನಿಲ್ಲಿಸಿ, ಈ ನಂಬರ್ ಓದುವುದನ್ನು ಹೊಸದಾಗಿ ಬಂದ ಹುಡುಗರಿಗೆ ತೋರಿಸಿಕೊಡಿ.

– ಉಡುಪಿ ಜಿಲ್ಲೆಯ ಓದುಗ, ಶಾರ್ಜಾ