ಹಿರಿಯಣ್ಣನವರ ಬಗ್ಗೆ ಬರೆಯುವಾಗ

ಪ್ರಿಯರೇ,

ಭಾರತೀಯ ತತ್ತ್ವಶಾಸ್ತ್ರದ ವಿದ್ವಾಂಸ ಪ್ರೊ. ಎಂ. ಹಿರಿಯಣ್ಣನವರನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. 1871ರಲ್ಲಿ ಹುಟ್ಟಿದ್ದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ್ದು, 1950ರಲ್ಲಿ ತೀರಿಕೊಂಡಿದ್ದು, ಎಲ್ಲವೂ ಸರಿಯಾಗಿದೆ. ಆದರೆ ‘ಮಹಾನ್ ಚಿಂತಕ’, ‘ಜ್ಞಾನದ ಹಿಮಾಲಯ’ ಎಂಬ ಮಾತುಗಳು ಪುಟಪುಟಕ್ಕೂ ಬಂದಿವೆ. ಕಲೆಯ ಬಗ್ಗೆ ಅವರು ಏನು ಯೋಚಿಸಿದರೆಂಬುದಕ್ಕೆ ಸಿಕ್ಕಿರುವುದು ಎರಡೇ ಸಾಲು. ಒಂದು ಪದವನ್ನೂ ದುಂದುಮಾಡದೆ ಬರೆದವರ ಬಗ್ಗೆ ಇಷ್ಟೊಂದು ವಿಶೇಷಣಗಳನ್ನು ಕಂಡು ಮನಸ್ಸಿಗೆ ನೋವಾಯಿತು.

ಪಾಠ ಹೇಳುತ್ತ ಬಾಳಿದವರ ಜೀವನದಲ್ಲಿ ಹೊರಗೆ ಕಾಣುವ ಘಟನೆಗಳು ಕಡಿಮೆ. ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಮಾಡಿದ ಉಪನ್ಯಾಸಗಳೇ ಅದಕ್ಕೆ ತಳಹದಿ. ಕಲಾಮೀಮಾಂಸೆಯ ಪ್ರಬಂಧಗಳ ಸಂಗ್ರಹವಾದ ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಹೊರಬರುವ ಹೊತ್ತಿಗೆ, 1954ರಲ್ಲಿ, ಅವರೇ ಇರಲಿಲ್ಲ. ಈ ನಿಧಾನವೇ ನಿಮ್ಮ ಲೇಖನದ ಕಥೆಯಾಗಬಹುದಿತ್ತು.

ಇನ್ನು ಅವರ ವಿಚಾರ. ದುಷ್ಯಂತನ ಬಾಣಕ್ಕೆ ಬೆದರಿದ ಜಿಂಕೆ ಕೊರಳು ಹೊರಳಿಸಿ ರಥವನ್ನು ನೋಡುತ್ತ ಓಡುತ್ತದೆ; ದಣಿದು ತೆರೆದ ಬಾಯಿಂದ ಅರೆ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಕಾಳಿದಾಸನ ಶಾಕುಂತಲದ ಈ ಪದ್ಯವನ್ನೇ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಭಯಾನಕ ರಸಕ್ಕೆ, ಅಂದರೆ ಕಲೆಯಲ್ಲಿ ನಾವು ಸವಿಯುವ ಭಯಕ್ಕೆ, ಉದಾಹರಿಸಿದ: ಯಾರ ಭಯ, ಎಲ್ಲಿನ ಭಯ ಎಂಬ ಗುರುತು ಕಳಚಿದ್ದರಿಂದಲೇ ಅದನ್ನು ನಾವು ಸವಿಯಬಲ್ಲೆವು. ಈ ಪರಂಪರೆಯನ್ನು ಸಾಂಖ್ಯ, ವೇದಾಂತ ಎಂಬ ಎರಡು ದರ್ಶನಗಳ ಬೆಳಕಿನಲ್ಲೂ ಪರಿಶೀಲಿಸಿದ ಹಿರಿಯಣ್ಣನವರು, ರಸಾನುಭವದಲ್ಲಿ ‘ನಾನು, ನನ್ನದು’ ಎಂಬುದು ಮರೆಯಾಗುವುದರಿಂದ ಅದು ಮೋಕ್ಷಕ್ಕೆ ಸಮೀಪವೆಂದೂ, ಕಲಾಕೃತಿ ಮರೆಯಾದೊಡನೆ ತಾನೂ ಕರಗುವುದರಿಂದ ಅದೇ ಮೋಕ್ಷವಲ್ಲವೆಂದೂ ಬಿಡಿಸಿ ಹೇಳಿದರು.

ನನಗೆ ಇದು ಅರ್ಥವಾದದ್ದು ಒಂದು ಯಕ್ಷಗಾನದ ರಾತ್ರಿ. ಕರ್ಣನ ಕೊನೆಯ ಪದಕ್ಕೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೆಗಲಿನ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಬೆಳಗಿನ ಮಂಗಳ ಮುಗಿದು ಗದ್ದೆಯ ಅಂಚಿನಲ್ಲಿ ನಡೆಯುವಾಗ ಅವರೇ ಅಡಿಕೆಯ ಧಾರಣೆ ಇಳಿದದ್ದನ್ನು ನನ್ನೊಡನೆ ಮಾತಾಡುತ್ತ ಬಂದರು. ಎರಡೂ ಒಬ್ಬ ಮನುಷ್ಯನದೇ, ಎರಡೂ ನಿಜವೇ. ನಡುವೆ ಮುಗಿದುಹೋದದ್ದು ಏನು ಎಂಬುದೇ ಹಿರಿಯಣ್ಣನವರ ಪ್ರಶ್ನೆ.

ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಜಿಂಕೆಯನ್ನೋ ನೀವೇ ಕಣ್ಣಾರೆ ಕಂಡ ಇನ್ನೊಂದು ದೃಶ್ಯವನ್ನೋ ಮೊದಲ ಪುಟಕ್ಕೆ ತನ್ನಿ. ಸಾಂಖ್ಯ, ವೇದಾಂತಗಳ ದೃಷ್ಟಿಯಲ್ಲಿ ರಸಾನುಭವ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಮೂಲ ಪ್ರಬಂಧದಲ್ಲೇ ಓದಿ, ನಿಮ್ಮ ಮಾತಿನಲ್ಲಿ ಅರ್ಧ ಪುಟ ಬರೆಯಿರಿ. ಅಲ್ಲಿ ತಡವರಿಸಿದರೆ ಇನ್ನೊಮ್ಮೆ ಓದಿ. ಆಟ ಮುಗಿದ ಮೇಲೆ ಆ ಹಿರಿಯರಲ್ಲಿ ಏನೂ ಉಳಿಯಲಿಲ್ಲವೇ ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ. ನಿಮಗೆ ಏನನ್ನಿಸುತ್ತದೆ ಎಂಬುದನ್ನು ಮುಂದಿನ ಕರಡಿನಲ್ಲಿ ಓದಲು ಕಾದಿರುತ್ತೇನೆ.

ನಿಮ್ಮ ವಿಶ್ವಾಸಿ